ತಳವಿಲ್ಲದ ಲೋಟಕ್ಕೆ ತಳ ಯಾರು?

ಲೋಟ ಅಂದ ಮೇಲೆ ಅದಕ್ಕೊಂದು ತಳ ಇರಲೇಬೇಕು. ತಳ ಇಲ್ಲದ ಲೋಟದಲ್ಲಿ ನೀರೂ ನಿಲ್ಲಲ್ಲ, ಹೆಂಡಾನೂ ನಿಲ್ಲಲ್ಲ. ಆದರೆ ಬೆಂಗಳೂರಿನ ದೊಡ್ಡ ಹೋಟೆಲುಗಳು ಈ ಲೋಕನಿಯಮವನ್ನು ಮೀರಿ ನಿಂತಿವೆ. ಭಾನುವಾರ ಬಂತು ಅಂದರೆ ಅಲ್ಲಿ ‘ಬಾಟಮ್‌ಲೆಸ್ ಬ್ರಂಚ್’ ಅಂತ ಬೋರ್ಡು ಏಳುತ್ತೆ. ಬಾಟಮ್‌ಲೆಸ್ ಅಂದರೆ ತಳವಿಲ್ಲದ್ದು. ಬ್ರಂಚ್ ಅಂದರೆ ಬೆಳಗಿನ ತಿಂಡಿಯನ್ನೂ ಮಧ್ಯಾಹ್ನದ ಊಟವನ್ನೂ ಒಂದೇ ಏಟಿಗೆ ಮುಗಿಸೋ ಹನ್ನೊಂದು ಹನ್ನೆರಡು ಗಂಟೆಯ ಊಟ. ತಲೆಗೆ ಇಷ್ಟು ಅಂತ ಸಾವಿರದ ಲೆಕ್ಕದಲ್ಲಿ ದುಡ್ಡು ಕಟ್ಟಿ ಒಳಗೆ ಹೋದರೆ ಆಯ್ತು. ಎರಡು ಮೂರು ಗಂಟೆ ಹೊತ್ತು ಬೇಕಾದ್ದು ತಿನ್ನಬಹುದು, ಲೋಟ ಖಾಲಿಯಾದ ಹಾಗೆಲ್ಲ ಯಾರೋ ಬಂದು ತುಂಬಿಸ್ತಾ ಇರ್ತಾರೆ. ಮೂಲೆಯಲ್ಲಿ ಗಿಟಾರು ಹಿಡಿದು ಒಬ್ಬರೋ ಇಬ್ಬರೋ ಹಾಡ್ತಾ ಇರ್ತಾರೆ. ಅದಕ್ಕೆ ‘ಲೈವ್ ಮ್ಯೂಸಿಕ್’ ಅಂತ ಹೆಸರು. ಬರೀ ಹಣ್ಣಿನ ರಸ ಕುಡಿಯೋರಿಗೆ ಒಂದು ರೇಟು, ಮದ್ಯ ಕುಡಿಯೋರಿಗೆ ಒಂದು ರೇಟು, ಶಾಂಪೇನು ಬೇಕು ಅನ್ನೋರಿಗೆ ಮತ್ತೊಂದು ರೇಟು. ಸಹಪಂಕ್ತಿಯಲ್ಲೂ ಮೂರು ಪಂಕ್ತಿ.

ಬಸ್ತಿಹಳ್ಳಿಯಲ್ಲಿ ಕೂತವರಿಗೆ ಬೆಂಗಳೂರಿನ ಬ್ರಂಚಿನ ಉಸಾಬರಿ ಯಾಕೆ ಅಂತ ಯಾರಾದರೂ ಕೇಳಬಹುದು. ಕಾರಣ ಇದೆ. ನಮ್ಮ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೆ ಹೋದ ಮಕ್ಕಳು ಆ ನಗರದ ಅಡಿಗೆಮನೆಗಳಲ್ಲಿದ್ದಾರೆ, ಬಾಗಿಲು ಕಾಯ್ತಾರೆ, ತಟ್ಟೆ ಎತ್ತುತ್ತಾರೆ. ಓದಿ ಕೆಲಸ ಹಿಡಿದ ಕೆಲವರು ಈಗ ಆ ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರೋ ಕಾಲವೂ ಬಂದಿದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಅನ್ನ, ಕುಡಿಯೋ ಲೋಟ, ವಾದ್ಯ ಈ ಮೂರರ ಮೇಲೇನೇ ನಮ್ಮ ಹಳ್ಳಿಗಳ ಜಾತಿ ನಿಂತಿರೋದು. ಯಾರ ಜೊತೆ ಯಾರು ಉಣ್ಣಬೇಕು, ಯಾರ ಲೋಟ ಯಾರು ಮುಟ್ಟಬೇಕು, ಯಾರು ಬಾರಿಸಬೇಕು ಯಾರು ಕೇಳಬೇಕು ಅನ್ನೋದನ್ನ ನಿಶ್ಚಯ ಮಾಡಿಯೇ ಊರು ಊರಾಯ್ತು, ಕೇರಿ ಕೇರಿಯಾಯ್ತು. ಈ ಮೂರೂ ಒಂದೇ ಮೇಜಿನ ಮೇಲೆ ಬಂದು ಕೂತಿರುವಾಗ ನಾವು ಕಣ್ಣು ಮುಚ್ಚಿ ಕೂರೋದು ಹೇಗೆ? ವಿಮರ್ಶೆ ಅಂದರೆ ಕವನಸಂಕಲನಗಳ ಗುಣದೋಷ ಬರೆಯೋದು ಮಾತ್ರ ಅಲ್ಲ. ಉಂಡ ಎಲೆಯನ್ನೂ ಓದಬೇಕು.

ಬ್ರಂಚ್ ಅನ್ನೋ ಪದಕ್ಕೆ ಒಂದು ಚರಿತ್ರೆ ಇದೆ. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಅನ್ನೋ ಬರಹಗಾರ ‘ಹಂಟರ್ಸ್ ವೀಕ್ಲಿ’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಶನಿವಾರ ರಾತ್ರಿ ಕುಡಿದು ಕುಣಿದವರು ಭಾನುವಾರ ಬೆಳಿಗ್ಗೆ ಬೇಗ ಏಳೋದು ಕಷ್ಟ. ಅವರಿಗಾಗಿ ತಿಂಡಿ ಊಟ ಎರಡನ್ನೂ ಸೇರಿಸಿ ತಡವಾಗಿ ಒಂದು ಊಟ ಇರಲಿ ಅನ್ನೋದು ಅವನ ಅಹವಾಲು. ಟೀ ಕಾಫಿ ಬದಲು ಬಿಯರು ವಿಸ್ಕಿಯೂ ನಡೆಯುತ್ತೆ ಅಂತ ಕೊನೆಗೆ ಒಂದು ಒಗ್ಗರಣೆ ಬೇರೆ ಹಾಕಿದ್ದ. ಅಂದರೆ ಹುಟ್ಟುವಾಗಲೇ ಇದು ಎಚ್ಚರವಾಗದಿದ್ದರೂ ನಡೆಯುವವರ ಊಟ. ಆ ಊಟ ಬೇಯಿಸೋರು ಮಾತ್ರ ಎಂದಿನ ಹಾಗೆ ಬೆಳಕು ಹರಿಯೋಕೆ ಮುಂಚೆ ಏಳಬೇಕಾಗಿತ್ತು. ಅವರ ನಿದ್ದೆಯ ಬಗ್ಗೆ ಅಹವಾಲು ಬರೆಯೋರು ಯಾರು?

ನಿಜ ಹೇಳಬೇಕೆಂದರೆ ಬ್ರಂಚ್ ನಮಗೇನೂ ಹೊಸದಲ್ಲ. ಕೂಲಿ ಮಾಡೋ ಮನೆಗಳಲ್ಲಿ ತಿಂಡಿ ಅನ್ನೋ ಪದಾರ್ಥವೇ ಇರಲಿಲ್ಲ. ಕತ್ತಲಲ್ಲಿ ಎದ್ದು ಗದ್ದೆಗಿಳಿದ ಹೆಣ್ಣಾಳು ಹತ್ತು ಹನ್ನೊಂದು ಗಂಟೆಗೆ ಬದುವಿನ ಮೇಲೆ ಕೂತು ಉಣ್ಣೋದು ನಿನ್ನೆಯ ತಂಗಳಿಟ್ಟು, ಒಂದು ಮೆಣಸಿನಕಾಯಿ, ಉಪ್ಪು, ಸಿಕ್ಕಿದರೆ ನೀರುಮಜ್ಜಿಗೆ. ಬೆಳಗಿನದೂ ಅದೇ, ಮಧ್ಯಾಹ್ನದ್ದೂ ಅದೇ. ಎರಡು ಊಟ ಸೇರಿ ಒಂದಾದದ್ದು ಇಲ್ಲೂ ಸತ್ಯ, ಅಲ್ಲೂ ಸತ್ಯ. ಅಲ್ಲಿ ಹೆಚ್ಚಾಗಿ ಒಂದಾಯ್ತು, ಇಲ್ಲಿ ಇಲ್ಲದೆ ಒಂದಾಯ್ತು. ಅಲ್ಲಿ ತಡವಾಗಿ ಉಂಡರೆ ನಾಗರಿಕತೆ, ಇಲ್ಲಿ ತಡವಾಗಿ ಉಂಡರೆ ಹಣೆಬರಹ. ಈಗ ಆ ಮೇಜಿನ ಮೇಲೆ ರಾಗಿಯೂ ‘ಮಿಲೆಟ್’ ಅನ್ನೋ ಹೊಸ ಹೆಸರಿಟ್ಟುಕೊಂಡು ಹತ್ತಿ ಕೂತಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಅಂತ ಆಚರಿಸಿತು. ಒಳ್ಳೇದೇ. ಆದರೆ ಹಿಟ್ಟು ತಿನ್ನೋರು ಅಂತ ನಮ್ಮನ್ನ ಹೀಯಾಳಿಸಿದ ನಾಲಿಗೆಗಳೇ ಇವತ್ತು ಅದರ ಪುಣ್ಯಕಥೆ ಹೇಳ್ತಿರುವಾಗ ನಗು ಬರದೆ ಇರುತ್ತದೆಯೆ? ಹಿಟ್ಟು ಮೇಜು ಹತ್ತಿತು, ಹಿಟ್ಟು ತೊಳಸಿದವಳು ಹತ್ತಲಿಲ್ಲ.

ಸಂಗೀತವೂ ಹಾಗೇ. ನಾಟಿ ಗದ್ದೆಯಲ್ಲಿ ಬಗ್ಗಿದ ಸೊಂಟ ಎತ್ತದೆ ಹೆಣ್ಣಾಳುಗಳು ಹೇಳೋ ಪದಗಳಿಗಿಂತ ಜೀವಂತವಾದ ಸಂಗೀತ ಯಾವುದಿದೆ? ಒಬ್ಬಳು ಎತ್ತಿಕೊಡ್ತಾಳೆ, ಉಳಿದವರು ಸೊಲ್ಲು ಹಿಡೀತಾರೆ. ಹಾಡೋರೂ ಅವರೇ, ಕೇಳೋರೂ ಅವರೇ, ಆಮೇಲೆ ಬದುವಿನ ಮೇಲೆ ಕೂತು ಉಣ್ಣೋರೂ ಅವರೇ. ಇದನ್ನ ನೆನಪಿಡಿ. ಬಡತನದ ಊಟ ಅದು, ಅದನ್ನ ವೈಭವೀಕರಿಸೋ ದುರ್ಬುದ್ಧಿ ನಮಗೆ ಬೇಡ. ಆದರೆ ಹಾಡಿದ ಬಾಯಿ ಬೇರೆ ಉಂಡ ಬಾಯಿ ಬೇರೆ ಅನ್ನೋ ಭೇದ ಅಲ್ಲಿ ಇಲ್ಲ.

ಆ ಭೇದ ಶುರುವಾಗೋದು ಜಾತ್ರೆಯಲ್ಲಿ. ಮಾರಿಹಬ್ಬಕ್ಕೆ ತಮಟೆ ಬೇಕು, ಅರೆ ಬೇಕು. ತಮಟೆ ಕೂಗದೆ ದೇವರು ಗುಡಿ ಬಿಟ್ಟು ಹೊರಡಲ್ಲ. ಚರ್ಮ ಹದ ಮಾಡಿ, ಬೆಂಕಿಗೆ ಕಾಯಿಸಿ, ಅಂಗೈ ಬಿರಿಯೋ ಹಾಗೆ ಬಡಿದವನು ದೇವರ ಮುಂದೆ ಊರೆಲ್ಲ ಸುತ್ತುತ್ತಾನೆ. ಊಟದ ಹೊತ್ತಿಗೆ ಅವನು ಎಲ್ಲಿ? ಎಲ್ಲರೂ ಉಂಡು ಎದ್ದ ಮೇಲೆ, ದೂರದಲ್ಲಿ, ತನ್ನ ಮನೆಯಿಂದ ತಂದ ಪಾತ್ರೆಗೆ ಮೇಲಿಂದ ಹುಯ್ಯಿಸಿಕೊಳ್ಳೋನು. ಕಿವಿಗೆ ಮೈಲಿಗೆ ಇಲ್ಲ, ಎಲೆಗೆ ಮೈಲಿಗೆ! ಚರ್ಮದ ಸದ್ದು ಗರ್ಭಗುಡಿಯವರೆಗೆ ಹೋಗಬಹುದು, ಚರ್ಮದ ಮನುಷ್ಯ ಹೋಗಬಾರದು. ಇದಕ್ಕಾಗಿಯೇ ಕಳೆದ ಶತಮಾನದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಎಷ್ಟೋ ಹಳ್ಳಿಗಳ ಹುಡುಗರು ಇನ್ನು ಬಡಿಯಲ್ಲ ಅಂತ ತಮಟೆ ಕೆಳಗಿಟ್ಟರು. ಬಹಿಷ್ಕಾರ ಹಾಕಿಸಿಕೊಂಡರು. ಹಾಗೆ ಕೆಳಗಿಟ್ಟದ್ದು ಕಲೆಯನ್ನಲ್ಲ, ಬಿಟ್ಟಿಯನ್ನು.

ಲೋಟದ ವಿಚಾರಕ್ಕೆ ಬರೋಣ. ತಳವಿಲ್ಲದ ಲೋಟ ಬರೋಕೆ ಎಷ್ಟೋ ಮುಂಚೆ ನಮ್ಮ ಹಳ್ಳಿಯ ಕಾಫಿ ಹೋಟೆಲುಗಳಲ್ಲಿ ಎರಡು ಲೋಟ ಇದ್ದವು. ಊರಿನವರಿಗೆ ಒಳಗಿನ ಲೋಟ, ಕೇರಿಯವರಿಗೆ ಹೊರಗೆ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಲೋಟ. ಕುಡಿದವನೇ ತೊಳೆದು ಮತ್ತೆ ಅಲ್ಲೇ ಇಡಬೇಕು. ಕೆಲವು ಕಡೆ ಲೋಟವೂ ಇಲ್ಲ, ತೆಂಗಿನ ಚಿಪ್ಪು. ಚಿಪ್ಪೂ ಇಲ್ಲದ ಕಡೆ ಬೊಗಸೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೇ ವಿಧಿ ಅಂಗಡಿ, ಸಾರ್ವಜನಿಕ ಊಟದ ಹೋಟೆಲು, ಮನರಂಜನೆಯ ಸ್ಥಳ ಯಾವುದಕ್ಕೂ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಕಾಯ್ದೆ, 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅಂತ ಹೆಸರು ಬದಲಿಸಿಕೊಂಡದ್ದು, ಹೋಟೆಲಿನಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಪಡಗವನ್ನು ಬಳಸದಂತೆ ತಡೆಯೋದೂ ಅಪರಾಧ ಅಂತ ಬಿಡಿಸಿ ಬರೆಯಿತು. ಒಂದು ದೇಶ ತನ್ನ ಕಾನೂನಿನಲ್ಲಿ ಹೋಟೆಲಿನ ಪಾತ್ರೆಯ ಬಗ್ಗೆ ಬರೆಯಬೇಕಾಗಿ ಬಂತು ಅಂದರೆ ಆ ದೇಶದ ಲೋಟ ಎಷ್ಟು ಆಳ ಇರಬೇಕು, ಯೋಚನೆ ಮಾಡಿ.

ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ ಬೆಂಗಳೂರಿನ ಹೋಟೆಲಿನ ಬಾಗಿಲಲ್ಲಿ ‘ಯಾರ ಪೈಕಿ?’ ಅಂತ ಯಾರೂ ಕೇಳಲ್ಲ. ದುಡ್ಡು ಕೊಟ್ಟರೆ ಕುರ್ಚಿ, ಕುರ್ಚಿಗೆ ತಕ್ಕ ಲೋಟ. ಮೇಲಿಂದ ಹುಯ್ಯಲ್ಲ, ಬಗ್ಗಿ ಹುಯ್ತಾರೆ. ಕೇರಿಯಲ್ಲಿ ಹುಟ್ಟಿದ ಹುಡುಗಿಯೊಬ್ಬಳು ತನ್ನ ಸಂಬಳದ ದುಡ್ಡಲ್ಲಿ ಗೆಳತಿಯರ ಜೊತೆ ಅಲ್ಲಿ ಕೂತು ನಕ್ಕರೆ ಅದು ಸಣ್ಣ ಸಂಗತಿ ಅಲ್ಲ. ಅವಳ ಅಜ್ಜಿಗೆ ಸಿಗದಿದ್ದ ಒಂದು ಮಧ್ಯಾಹ್ನ ಅದು. ಆ ಖುಷಿಗೆ ಕೊಂಕು ಹುಡುಕುವ ಹಕ್ಕು ಯಾರಿಗೂ ಇಲ್ಲ, ನಮಗಂತೂ ಇಲ್ಲವೇ ಇಲ್ಲ. ಹಳ್ಳಿ ಬಿಟ್ಟು ಪಟ್ಟಣಕ್ಕೆ ನಡೀರಿ ಅಂತ ಬಾಬಾಸಾಹೇಬರು ಹೇಳಿದ್ದು ಇಂಥ ಬಿಡುಗಡೆಗಾಗಿ ಕೂಡ. ದಲಿತರು ಸದಾ ಅಳುತ್ತಲೇ ಇರಬೇಕು, ಅವರ ಸುಖವೂ ಅನುಮಾನಾಸ್ಪದ ಅನ್ನೋದು ಮೇಲ್ಜಾತಿಯ ಕರುಣೆಯ ಇನ್ನೊಂದು ಮುಖ.

ಹಾಗಾದರೆ ತಕರಾರು ಏನು? ತಕರಾರು ಇರೋದು ‘ತಳವಿಲ್ಲ’ ಅನ್ನೋ ಸುಳ್ಳಿನ ಬಗ್ಗೆ. ಜಾತಿ ಮಾಡ್ತಿದ್ದ ಒಂದು ಕೆಲಸವನ್ನ ಈಗ ದುಡ್ಡು ಮಾಡ್ತಾ ಇದೆ. ದುಡಿದವನನ್ನ ಕಣ್ಣಿಗೆ ಕಾಣದ ಹಾಗೆ ಮಾಡೋ ಕೆಲಸ ಅದು.

ಇದನ್ನ ತಿಳಿಯೋಕೆ ಬಸ್ತಿಹಳ್ಳಿಯ ಬಸದಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಇಲ್ಲಿನ ಪಾರ್ಶ್ವನಾಥ ಬಸದಿಯನ್ನ 1133ರಲ್ಲಿ ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ, ತಂದೆಯ ನೆನಪಿಗೆ. ಇಲ್ಲಿನ ಪ್ರಸಾದವನ್ನ ಅರ್ಚಕರು ಬಂಕಾಪುರದಲ್ಲಿದ್ದ ದೊರೆಗೆ ಒಯ್ದರು. ಅದೇ ಹೊತ್ತಿಗೆ ಯುದ್ಧ ಗೆದ್ದ ಸುದ್ದಿಯೂ ಮಗ ಹುಟ್ಟಿದ ಸುದ್ದಿಯೂ ಕೂಡಿ ಬಂದದ್ದರಿಂದ ದೊರೆ ದೇವರಿಗೆ ವಿಜಯಪಾರ್ಶ್ವ ಅಂತ ಹೆಸರಿಟ್ಟು ಜಾವಗಲ್ಲನ್ನು ದತ್ತಿ ಬಿಟ್ಟ ಅಂತ ಶಾಸನ ಹೇಳುತ್ತೆ. ಮದ್ಯ ಮಾಂಸ ಜೇನು ಮೂರನ್ನೂ ಬಿಡು, ಹೊತ್ತು ಮುಳುಗಿದ ಮೇಲೆ ಉಣ್ಣಬೇಡ ಅನ್ನೋ ಧರ್ಮ ಅದು. ಆಹಾರದಾನವನ್ನ ನಾಲ್ಕು ದಾನಗಳಲ್ಲಿ ಒಂದು ಅಂದ ಧರ್ಮ. ಬ್ರಂಚಿಗೂ ಅದಕ್ಕೂ ಎತ್ತಣಿಂದೆತ್ತ! ಆದರೂ ಒಂದು ಲೆಕ್ಕ ಬದಲಾಗಿಲ್ಲ. ಒಂದು ಕಡೆ ನೈವೇದ್ಯ ತಪ್ಪದೆ ನಡೆಯಬೇಕಾದರೆ ಇನ್ನೊಂದು ಕಡೆ ಒಂದು ಇಡೀ ಊರು ಉಳಬೇಕು. ಬತ್ತದ ಪಾತ್ರೆ ಅನ್ನೋದು ಇಲ್ಲ. ಬತ್ತದ ಹಾಗೆ ತುಂಬುವ ಊರು ಇದೆ. ಕೊಟ್ಟ ದೊರೆಯನ್ನು ಶಾಸನ ಹೊಗಳುತ್ತೆ, ಉತ್ತ ಕೈಯನ್ನು ಹೊಗಳಲ್ಲ.

ಆ ಬಸದಿಯ ಒಳಗೆ ಕನ್ನಡಿಯ ಹಾಗೆ ಹೊಳೆಯೋ ಕಂಬಗಳಿವೆ. ಬಂದವರೆಲ್ಲ ಅದರ ಮುಂದೆ ನಿಂತು ತಮ್ಮ ಮುಖ ನೋಡಿಕೊಂಡು ಹಿಗ್ಗುತ್ತಾರೆ. ನೋಡುವವನ ಮುಖ ಅದರಲ್ಲಿ ಕಾಣುತ್ತೆ. ಉಜ್ಜಿದವನ ಮುಖ ಕಾಣಲ್ಲ. ಪಕ್ಕದ ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಗೆ ಹೋದರೆ ಅಲ್ಲಿ ಮದ್ದಳೆ ಬಾರಿಸೋರು, ತಾಳ ಹಾಕೋರು, ಕುಣಿಯೋರು ಸಾಲುಸಾಲಾಗಿ ಕಲ್ಲಾಗಿ ನಿಂತಿದ್ದಾರೆ. ಕೆತ್ತಿದ ಕೆಲವರ ಹೆಸರಾದರೂ ಹೊಯ್ಸಳರ ಕಲ್ಲಿನಲ್ಲಿ ಉಳಿದಿದೆ. ಬಳ್ಳಿಗಾವೆಯ ದಾಸೋಜ, ಚಾವಣರ ಹೆಸರು ಬೇಲೂರಿನಲ್ಲಿ ಸಿಗುತ್ತೆ. ರಾಣಿ ಶಾಂತಲೆಯ ನೃತ್ಯ ಸಂಗೀತಗಳ ಹೊಗಳಿಕೆಯೂ ಶಾಸನಗಳಲ್ಲಿದೆ. ಆದರೆ ಆ ಮದ್ದಳೆಗೆ ಚರ್ಮ ಬಿಗಿದವನು ಯಾರು? ಎಂಟುನೂರು ಒಂಬೈನೂರು ವರ್ಷದಿಂದ ಆ ಕಲ್ಲಿನ ವಾದ್ಯಗಾರ ಬಾರಿಸ್ತಾನೇ ಇದ್ದಾನೆ, ಅವನಿಗೆ ಊಟದ ಹೊತ್ತು ಬಂದೇ ಇಲ್ಲ.

ಹೋಟೆಲಿನ ಮೂಲೆಯಲ್ಲಿ ಹಾಡುವ ಹುಡುಗನ ಪಾಡೂ ಪೂರ್ತಿ ಬೇರೆ ಏನಲ್ಲ. ತಮಟೆಯವನ ಹಾಗೆ ಅವನು ಹುಟ್ಟಿನಿಂದ ಆ ಕೆಲಸಕ್ಕೆ ಬಿದ್ದವನಲ್ಲ, ಬೇಡ ಅನ್ನಿಸಿದರೆ ಬಿಟ್ಟು ಹೋಗಬಲ್ಲ, ಕೂಲಿ ಚೌಕಾಸಿ ಮಾಡಬಲ್ಲ. ಈ ವ್ಯತ್ಯಾಸ ದೊಡ್ಡದು, ಮರೆಯಬಾರದು. ಆದರೆ ಅವನ ಹಾಡನ್ನ ಯಾರೂ ಕೇಳ್ತಾ ಇಲ್ಲ. ಅಗಿಯೋ ಸದ್ದು, ಗ್ಲಾಸಿನ ಸದ್ದು, ಹರಟೆಯ ನಡುವೆ ಅವನ ಸಂಗೀತ ಉಪ್ಪಿನಕಾಯಿ ಇದ್ದ ಹಾಗೆ. ಸಂಗೀತವನ್ನ ಪದಾರ್ಥ ಮಾಡಿ ಬಡಿಸೋದೇ ಬಂಡವಾಳಶಾಹಿಯ ರಸಿಕತೆ. ಅದೂ ಸರ್ಕಾರದ ದೃಷ್ಟಿಯಲ್ಲಿ ಅನುಮಾನದ ವಸ್ತು. ಬೆಂಗಳೂರಿನಲ್ಲಿ ಲೈವ್ ಬ್ಯಾಂಡು, ಕ್ಯಾಬರೆ, ಡಿಸ್ಕೊಗಳಿಗೆ ಪೊಲೀಸರ ಲೈಸೆನ್ಸು ಬೇಕು ಅಂತ 2005ರಲ್ಲಿ ಆದೇಶ ಬಂತು. ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಅದನ್ನ ಎತ್ತಿಹಿಡಿಯಿತು. ಆ ವರ್ಷ ಎಷ್ಟೋ ಪಬ್ಬುಗಳಲ್ಲಿ ಹಾಡು ನಿಂತಿತು, ಕುಡಿತ ನಿಲ್ಲಲಿಲ್ಲ. ಹೊಟ್ಟೆಗೆ ಹೊಡೆತ ಬಿದ್ದದ್ದು ಯಾರಿಗೆ? ಹಾಡೋನಿಗೆ.

ಇನ್ನು ಕುಡಿತದ ಮಾತು. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ನಮಗೆ ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಗಿಳಿದದ್ದು ಮಡಿವಂತಿಕೆಯಿಂದಲ್ಲ. ಕೇರಿಯ ಬಾಗಿಲಿಗೆ ಮೊದಲು ಬಂದದ್ದು ಸಾರಾಯಿ ಅಂಗಡಿ, ಕೊನೆಗೆ ಬಂದದ್ದು ಶಾಲೆ ಅನ್ನೋ ರಾಜಕೀಯ ಅದರ ಹಿಂದಿತ್ತು. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆಯ್ತು. ಪ್ಯಾಕೆಟ್ಟು ಹೋಯ್ತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ರಮ್ಮುಗಳು ಬಂದವು. 2025-26ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ಹಾಕಿಕೊಂಡ ಗುರಿ 40,000 ಕೋಟಿ ರೂಪಾಯಿ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಎಲ್ಲ 18 ಸ್ಲ್ಯಾಬುಗಳ ಮೇಲೂ ಶೇಕಡ 20 ಸುಂಕ ಏರಿಸಿದರು. 2024ರ ಆಗಸ್ಟಿನಲ್ಲಿ ನೆರೆರಾಜ್ಯಗಳ ಬೆಲೆಗೆ ಹೊಂದಿಸೋ ಹೆಸರಲ್ಲಿ ದುಬಾರಿ ಬ್ರಾಂಡುಗಳ ಬೆಲೆ ಇಳಿಸಿದರು. ಮೇಲಿನ ಲೋಟಕ್ಕೆ ರಿಯಾಯಿತಿ! ಕೂಲಿಯವನು ಸಂಜೆ ತೊಂಬತ್ತು ಎಂಎಲ್ ಕುಡಿದರೆ ಅವನು ಕುಡುಕ, ಹೆಂಡತಿ ಮಕ್ಕಳ ಹಾಳು ಮಾಡಿದವನು. ಸಾಹೇಬರು ಹಗಲು ಹನ್ನೆರಡಕ್ಕೆ ಲೆಕ್ಕ ಇಡದೆ ಕುಡಿದರೆ ಅದು ವಾರಾಂತ್ಯದ ಸಂಸ್ಕೃತಿ. ಒಂದೇ ಅಮಲು, ಎರಡು ಹೆಸರು. ಸ್ಕಾಟ್ಲೆಂಡಿನಲ್ಲಿ 2005ರ ಮದ್ಯ ಪರವಾನಗಿ ಕಾಯ್ದೆ ಒಂದೇ ರೇಟಿಗೆ ಮಿತಿಯಿಲ್ಲದೆ ಮದ್ಯ ಕೊಡೋದನ್ನ ಹೊಣೆಗೇಡಿ ವ್ಯಾಪಾರ ಅಂತ ತಡೆದಿದೆ. ನಮ್ಮಲ್ಲಿ ಮಿತಿಯ ಉಪದೇಶ ಎಲ್ಲ ಕೇರಿಗೆ ಮೀಸಲು.

ನಮ್ಮ ಸಾಹಿತ್ಯದಲ್ಲಿ ಒಂದು ಮಿತಿಯಿಲ್ಲದ ಊಟ ಇದೆ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಗೆ ಒಂದು ರಾತ್ರಿ ಕದ್ದು ತಂದ ಕಡಲೆಕಾಯಿ ಮೂಟೆ ಬರುತ್ತೆ. ಮಕ್ಕಳು ಮರಿ ಹೆಂಗಸರು ಗಂಡಸರು ಎಲ್ಲ ಒಲೆ ಸುತ್ತ ಕೂತು ತಿಂತಾರೆ, ಬೆಳಗಾಗೋದರೊಳಗೆ ಮೂಟೆ ಮುಗೀಬೇಕು, ಸಿಪ್ಪೆ ಬೂದಿಯಾಗಬೇಕು. ಆ ಊಟಕ್ಕೆ ವಾದ್ಯ ಇಲ್ಲ, ಬಿಡಿಸೋ ಕಾಯಿಯ ಸದ್ದೇ ವಾದ್ಯ. ಆದರೆ ಓದುವವರಿಗೆ ಅದು ಹಬ್ಬ ಅನ್ನಿಸುತ್ತೆ. ಯಾಕೆ? ಅಲ್ಲಿ ಬಡಿಸೋನು ಬೇರೆ ಇಲ್ಲ, ಕಾಯೋನು ಇಲ್ಲ, ಎಂಜಲು ಎತ್ತೋನು ಇಲ್ಲ. ಮೂಟೆಗೆ ತಳ ಇದೆ ಅಂತ ಎಲ್ಲರಿಗೂ ಗೊತ್ತು. ತಳ ಕಾಣೋವರೆಗೆ ಎಲ್ಲರೂ ಸಮ. ಮಾರನೇ ದಿನ ಪೊಲೀಸರು ಬರ್ತಾರೆ ಅನ್ನೋದೂ ಆ ಊಟದ ಸತ್ಯವೇ. ಹಸಿದವರ ಒಂದು ರಾತ್ರಿಯ ತೃಪ್ತಿಗೆ ಕಾನೂನು ಬಾಗಿಲು ಬಡಿಯುತ್ತೆ. ತುಂಬಿದ ಹೊಟ್ಟೆಯವರ ಪ್ರತಿವಾರದ ತೃಪ್ತಿಗೆ ಕಾನೂನು ಲೈಸೆನ್ಸು ಕೊಡುತ್ತೆ.

ಗೆಳೆಯರೆ, ಯಾವುದೇ ಔತಣವನ್ನ ವಿಮರ್ಶೆ ಮಾಡೋಕೆ ನಮಗೆ ಒಂದು ಅಳತೆಗೋಲು ಸಾಕು: ನುಡಿಸಿದವನು ಎಲ್ಲಿ ಕೂತು ಉಂಡ? ಮಠದ ಪಂಕ್ತಿಗೂ ಇದನ್ನೇ ಕೇಳಿ, ಮದುವೆ ಛತ್ರಕ್ಕೂ ಇದನ್ನೇ ಕೇಳಿ, ಐದು ನಕ್ಷತ್ರದ ಹೋಟೆಲಿಗೂ ಇದನ್ನೇ ಕೇಳಿ. ನಮ್ಮ ನಮ್ಮ ಸಂಘಟನೆಗಳ ಸಮಾವೇಶಗಳಿಗೂ ಕೇಳಿ. ವೇದಿಕೆಯ ಮೇಲೆ ತಮಟೆ ಬಡಿಸಿ, ಚಪ್ಪಾಳೆ ತಟ್ಟಿ, ನಾಯಕರನ್ನೆಲ್ಲ ಪ್ರತ್ಯೇಕ ಕೋಣೆಗೆ ಊಟಕ್ಕೆ ಕರಕೊಂಡು ಹೋಗಿ, ತಮಟೆಯವರನ್ನ ಬಿಸಿಲಿನ ಸಾಲಿನಲ್ಲಿ ನಿಲ್ಲಿಸಿದರೆ ಅದೂ ಬಾಟಮ್‌ಲೆಸ್ ಬ್ರಂಚೇ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಪುಲಯರ ಜೊತೆ ಕೂತು ಮಿಶ್ರಭೋಜನ ಮಾಡಿದಾಗ ಸ್ವಜಾತಿಯವರೇ ಅವರನ್ನ ‘ಪುಲಯನ್ ಅಯ್ಯಪ್ಪನ್’ ಅಂತ ಹಂಗಿಸಿದರು. ಆ ಎಲೆಯ ಮೇಲೆ ಪಂಚಭಕ್ಷ್ಯ ಇತ್ತೋ ಇಲ್ಲವೋ ಯಾರೂ ಲೆಕ್ಕ ಇಟ್ಟಿಲ್ಲ. ಯಾರ ಪಕ್ಕ ಯಾರು ಕೂತರು ಅನ್ನೋದೇ ಚರಿತ್ರೆಯಾಯ್ತು.

ಬೆಂಗಳೂರಿಗೆ ಹೋದ ನಮ್ಮ ತಮ್ಮಂದಿರೆ, ತಂಗಿಯರೆ, ಹೋಗಿ, ಕೂತು ಉಣ್ಣಿ. ನಿಮ್ಮ ದುಡಿಮೆಯ ದುಡ್ಡು, ನಿಮ್ಮ ಭಾನುವಾರ. ಆದರೆ ಲೋಟ ತುಂಬಲು ಬಂದ ಕೈ ಹಿಡಿದವನ ಮುಖವನ್ನ ಒಂದು ಸಲ ನೋಡಿ. ಯಾವ ಊರು ಅಂತ ಕೇಳಿ. ಜಾವಗಲ್ಲೋ ಅರಸೀಕೆರೆಯೋ ಅಂದರೂ ಅನ್ನಬಹುದು. ಬೆಳಿಗ್ಗೆ ಏನು ಉಂಡೆ ಅಂತ ಕೇಳಿ. ಹಾಡು ಮುಗಿದಾಗ ಒಂದು ನಿಮಿಷ ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟಿ. ಇಷ್ಟರಿಂದ ಕ್ರಾಂತಿ ಆಗಿಬಿಡುತ್ತೆ ಅಂತ ನಾವು ಹೇಳ್ತಿಲ್ಲ. ಕೂಲಿ ಹೆಚ್ಚಬೇಕು, ಕೆಲಸದ ಗಂಟೆ ಇಳಿಯಬೇಕು, ಬಡಿಸುವವನಿಗೂ ಒಂದು ರಜೆಯ ಭಾನುವಾರ ಸಿಗಬೇಕು. ಅದಕ್ಕೆ ಸಂಘಟನೆಯೇ ಬೇಕು. ಆದರೆ ಎಲ್ಲ ಸಂಘಟನೆಯೂ ಶುರುವಾಗೋದು ಕಾಣದಿದ್ದ ಮುಖವನ್ನ ಕಾಣೋದರಿಂದ. ಲೋಟಕ್ಕೆ ತಳ ಇದೆ. ಆ ತಳದಲ್ಲಿ ನಮ್ಮವರೇ ನಿಂತಿದ್ದಾರೆ.